ಜೇಬಿನಲ್ಲಿ ಕರಪತ್ರ, ಎದೆಯ ಮೇಲೆ ತಾಯಿತ: ಹೈಟಿ ಕ್ರಾಂತಿಯ ಪಾಠ ಮಾಡುವ ಬಗೆ

ಮದ್ದೂರು ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು 26 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನು. ಮೊದಲ ಹತ್ತು ವರ್ಷ ಕ್ರಾಂತಿಗಳ ಪಾಠವನ್ನು ಎಲ್ಲರ ಹಾಗೆಯೇ ಮುಗಿಸುತ್ತಿದ್ದೆ. ಬೋರ್ಡಿನ ಎಡಕ್ಕೆ ಅಮೆರಿಕದ 1776, ಬಲಕ್ಕೆ ಫ್ರಾನ್ಸಿನ 1789. ರೂಸೋ, ವಾಲ್ಟೇರ್, ಮಾಂಟೆಸ್ಕ್ಯೂ ಅಂತ ಚಿಂತಕರ ಹೆಸರು ಬರೆದು ಕೆಳಗೊಂದು ಗೆರೆ. ಸ್ವಾತಂತ್ರ್ಯ, ಸಮಾನತೆ, ಸೋದರತೆ ಅಂತ ಮೂರು ಸಲ ಹೇಳಿಸಿದರೆ ಪಾಠ ಮುಗೀತು.

ಒಂದು ವರ್ಷ, ಫ್ರಾನ್ಸಿನ ಬಂದರು ಊರುಗಳ ವರ್ತಕರು ಸಕ್ಕರೆ ವ್ಯಾಪಾರದಲ್ಲಿ ಹೇಗೆ ದುಡ್ಡು ಮಾಡಿಕೊಂಡರು ಎಂದು ಹೇಳುತ್ತಿದ್ದೆ. ಕೊನೆ ಬೆಂಚಿನ ಹುಡುಗಿ ಕೈ ಎತ್ತಿದಳು. "ಸಾ, ಅಲ್ಲಿ ಕಬ್ಬು ಕಡಿಯೋರು ಯಾರು?" ಅವಳ ಅಪ್ಪ ಅಮ್ಮ ಕಬ್ಬು ಕಡಿಯುವ ಕೂಲಿಗೆ ಬೇರೆ ಜಿಲ್ಲೆಯಿಂದ ಬಂದವರು. ನನಗೆ ಉತ್ತರ ಗೊತ್ತಿರಲಿಲ್ಲ. "ನಾಳೆ ಹೇಳ್ತೀನಿ, ಕೂತ್ಕೊ" ಅಂದೆ. ಓದಿ ತಿಳಿದುಕೊಳ್ಳುವಷ್ಟರಲ್ಲಿ ಹಂಗಾಮು ಮುಗಿದು ಆ ಕುಟುಂಬ ಊರಿಗೆ ಹೋಗಿಬಿಟ್ಟಿತ್ತು.

ಆ ಪ್ರಶ್ನೆ ಹಿಡಿದು ಹೋದವನಿಗೆ ಸಿಕ್ಕಿದ್ದು ಹೈಟಿ, ಗುಲಾಮರು ಕಬ್ಬು ಕಡಿಯುತ್ತಿದ್ದ, ಆಮೇಲೆ ಅವರೇ ದಂಗೆ ಎದ್ದು ಸ್ವತಂತ್ರ ಮಾಡಿಕೊಂಡ ದೇಶ. ನನ್ನ ಕಾಲದ ಪಠ್ಯಪುಸ್ತಕದಲ್ಲಿ ಆ ಹೆಸರೇ ಇರಲಿಲ್ಲ. ಆದರೂ ಅಲ್ಲಿಂದ ಮುಂದೆ ಪ್ರತಿ ವರ್ಷ 40 ನಿಮಿಷದ ಎರಡು ಪೀರಿಯಡ್ ಅದಕ್ಕೆಂದೇ ಎತ್ತಿಡುತ್ತಿದ್ದೆ. ಈಗ ಹೊಸದಾಗಿ ಕೆಲಸಕ್ಕೆ ಸೇರಿದವರು ಸಿಕ್ಕಾಗ, "ಹೇಗೆ ಮಾಡ್ತಿದ್ರಿ ಸರ್?" ಅಂತ ಕೇಳುತ್ತಾರೆ. ಹೀಗೆ ಮಾಡುತ್ತಿದ್ದೆ.

ಜಾಸ್ತಿ ಸಾಮಾನು ಬೇಡ. ಒಂದು ಅಚ್ಚು ಬೆಲ್ಲ, 50 ಹುಣಸೆ ಬೀಜ, ಸೀಮೆಸುಣ್ಣ, ಪ್ರಪಂಚದ ಭೂಪಟ, ಎರಡು ಚೀಟಿ. ಚೀಟಿಯಲ್ಲಿ ಏನು ಬರೆಯಬೇಕು ಅನ್ನೋದು ಆಮೇಲೆ ಬರುತ್ತದೆ. ಪ್ರಿಂಟ್ ತೆಗೆಸಲು ಅನುಕೂಲ ಇದ್ದರೆ ಒಂದು ಚಿತ್ರ.

ಇಸವಿ ಹೇಳಿ ಶುರು ಮಾಡಬೇಡಿ. ಬೆಲ್ಲವನ್ನು ಮೇಜಿನ ಮೇಲಿಡಿ. ಆಲೆಮನೆ ನೋಡಿದವರು ಯಾರು ಅಂತ ಕೇಳಿ. ನಮ್ಮ ಕಡೆ ಎಲ್ಲರೂ ಕೈ ಎತ್ತುತ್ತಾರೆ. ಕಡಿದ ಕಬ್ಬನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು? ಇದಕ್ಕೆ ಮೇಷ್ಟ್ರಿಗಿಂತ ಮಕ್ಕಳಿಗೇ ಚೆನ್ನಾಗಿ ಉತ್ತರ ಗೊತ್ತು. "ಇಡಂಗಿಲ್ಲ ಸಾ, ಒಣಗಿ ತೂಕ ಹೋಯ್ತದೆ, ರಸ ಕೆಡ್ತದೆ." ಹಾಗಾದರೆ ಗಾಣ ಯಾವಾಗ ನಿಲ್ಲುತ್ತದೆ? ಹಂಗಾಮಿನಲ್ಲಿ ನಿಲ್ಲೋದೇ ಇಲ್ಲ. ರಾತ್ರಿ ಕೊಪ್ಪರಿಗೆ ಮುಂದೆ ಯಾರು ಕೂರುತ್ತಾರೆ, ಒಲೆಗೆ ಸಿಪ್ಪೆ ತುಂಬುವವರು ಯಾರು, ನಿದ್ದೆಗಣ್ಣಲ್ಲಿ ಗಾಣಕ್ಕೆ ಕಬ್ಬು ಕೊಡುವವನ ಕೈ ಏನಾಗಬಹುದು, ಒಂದೊಂದೇ ಕೇಳುತ್ತಾ ಹೋಗಿ. ಹತ್ತು ನಿಮಿಷ ಇದಕ್ಕೇ ಹೋಗಲಿ, ಪರವಾಗಿಲ್ಲ.

ಈಗ ಭೂಪಟ. ಕೆರಿಬಿಯನ್ ಸಮುದ್ರದಲ್ಲಿ ಕ್ಯೂಬಾ ಪಕ್ಕದ ದ್ವೀಪ ತೋರಿಸಿ. ಅದರ ಪಶ್ಚಿಮದ ಮೂರನೇ ಒಂದು ಭಾಗ 1697ರ ಒಪ್ಪಂದದಲ್ಲಿ ಫ್ರಾನ್ಸಿಗೆ ಸೇರಿತು. ಅವರು ಇಟ್ಟ ಹೆಸರು ಸಾಂ ದೊಮಾಂಗ್, ಇವತ್ತಿನ ಹೈಟಿ. (ನಾನು ವರ್ಷಗಟ್ಟಲೆ ಸೇಂಟ್ ಡೊಮಿಂಗ್ಯೂ ಅಂತ ಓದಿದ್ದೆ. ಮಕ್ಕಳು ಹೇಗೆ ಹೇಳಿದರೂ ನಗಬೇಡಿ.) 1780ರ ದಶಕದಲ್ಲಿ ಯುರೋಪಿಗೆ ಬೇಕಾದ ಸಕ್ಕರೆಯಲ್ಲಿ ಸುಮಾರು ಶೇ. 40 ಈ ಅಂಗೈ ಅಗಲದ ಜಾಗದಿಂದ ಹೋಗುತ್ತಿತ್ತು. ಅಲ್ಲೂ ಕಬ್ಬಿಗೆ ಇದೇ ನಿಯಮ, ಕಡಿದ ತಕ್ಷಣ ಅರೆಯಬೇಕು. ಗಾಣದ ಪಕ್ಕ ಒಂದು ಕೊಡಲಿ ಇಟ್ಟಿರುತ್ತಿದ್ದರು. ಉರುಳೆಗೆ ಕೈ ಸಿಕ್ಕಿಕೊಂಡರೆ ಇಡೀ ಆಳು ಒಳಗೆ ಹೋಗುವ ಮೊದಲು ತೋಳು ಕಡಿಯಲು. ಇಷ್ಟು ಹೇಳಿ ಸುಮ್ಮನಿರಿ. ಇದಕ್ಕಿಂತ ಜಾಸ್ತಿ ವರ್ಣನೆ ಬೇಡ. ಆಲೆಮನೆ ಕಂಡ ಮಕ್ಕಳಿಗೆ ಉಳಿದದ್ದು ತಾನಾಗಿ ಕಾಣುತ್ತದೆ.

ಸಂಖ್ಯೆಗೆ ಹುಣಸೆ ಬೀಜ. 1789ರಲ್ಲಿ ಅಲ್ಲಿದ್ದ ಗುಲಾಮರು ಸುಮಾರು 5 ಲಕ್ಷ. ಬಿಳಿಯರು 30ರಿಂದ 40 ಸಾವಿರ. ಗುಲಾಮರಲ್ಲದ ಕಪ್ಪು ಮತ್ತು ಮಿಶ್ರ ವರ್ಣದವರು ಹತ್ತಿರ ಹತ್ತಿರ 30 ಸಾವಿರ. 50 ಬೀಜದಲ್ಲಿ ಹಂಚಿದರೆ 44, 3, 3. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಸುತ್ತು ಬರೆದು ಮಕ್ಕಳ ಕೈಯಲ್ಲೇ ಬೀಜ ಇಡಿಸಿ.

ಬೀಜ ಯಾಕೆ, ಮಕ್ಕಳನ್ನೇ ನಿಲ್ಲಿಸಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಎರಡನೇ ವರ್ಷ ಹಾಗೇ ಮಾಡಿದೆ. ಮೂವರನ್ನು ಕುರ್ಚಿ ಮೇಲೆ ಕೂರಿಸಿದೆ, ಉಳಿದವರನ್ನು ನೆಲದ ಮೇಲೆ. ಮಾರನೇ ದಿನ ಒಬ್ಬ ಹುಡುಗನ ತಂದೆ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ಜಗಳ ಮಾಡಲಿಲ್ಲ. "ಕುರ್ಚಿಗೆ ಯಾರ್ಯಾರನ್ನ ಆರಿಸಿದ್ರಿ ಮೇಷ್ಟ್ರೇ?" ಅಂತ ಮಾತ್ರ ಕೇಳಿದರು. ನೆನೆಸಿಕೊಂಡೆ. ಮೂವರೂ ಊರಿನ ಮೇಲಿನ ಕೇರಿಯವರು. ನಾನು ಬೇಕೆಂದು ಆರಿಸಿರಲಿಲ್ಲ, ಕಣ್ಣು ತಾನಾಗಿ ಅತ್ತ ಹೋಗಿತ್ತು. ಅವರ ಕೈ ಹಿಡಿದು ತಪ್ಪಾಯ್ತು ಅಂದೆ. ಅವತ್ತಿನಿಂದ ಬೀಜ. ನಾಟಕ ಆಡಿಸುವುದು ಚೆಂದ ಕಾಣುತ್ತದೆ, ಈ ಪಾಠಕ್ಕೆ ಮಾತ್ರ ಬೇಡ.

ಈಗ ಚೀಟಿ. 1789ರ ಆಗಸ್ಟ್ 26ರಂದು ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ಅಂಗೀಕಾರವಾದ ಮಾನವ ಹಕ್ಕುಗಳ ಘೋಷಣೆಯಲ್ಲಿ 17 ವಿಧಿಗಳಿವೆ. ಎಲ್ಲ ಬರೆಸಬೇಡಿ. ಮೊದಲನೆಯದು, ಕೊನೆಯದು, ಎರಡು ಸಾಕು. ಒಂದು ಚೀಟಿಯಲ್ಲಿ ಹೀಗೆ ಬರೆಯಿರಿ: "ಮನುಷ್ಯರು ಹುಟ್ಟುವಾಗ ಸ್ವತಂತ್ರರು, ಹಕ್ಕಿನಲ್ಲಿ ಸಮಾನರು, ಹಾಗೆಯೇ ಉಳಿಯುತ್ತಾರೆ." ಇನ್ನೊಂದರಲ್ಲಿ: "ಆಸ್ತಿ ಪವಿತ್ರವಾದ ಹಕ್ಕು. ಸಾರ್ವಜನಿಕ ಅಗತ್ಯವಿದ್ದರೆ ಮಾತ್ರ, ಅದೂ ಮೊದಲೇ ನ್ಯಾಯವಾದ ಪರಿಹಾರ ಕೊಟ್ಟು, ಅದನ್ನು ತೆಗೆದುಕೊಳ್ಳಬಹುದು." ಎಡಗಡೆ ಬೆಂಚಿಗೆ ಮೊದಲನೆಯದು, ಬಲಗಡೆಗೆ ಎರಡನೆಯದು. ಜಗಳ ಇದೆಯಾ ಈ ಎರಡರ ನಡುವೆ ಅಂತ ಕೇಳಿ. ಮೊದಮೊದಲು "ಇಲ್ಲ ಸಾ, ಎರಡೂ ಒಳ್ಳೇದೇ" ಅನ್ನುತ್ತಾರೆ. ಆಗ 1685ರ ಫ್ರೆಂಚ್ ರಾಜನ ಕಾಯಿದೆಯನ್ನು ಹೇಳಿ. ಅದರ 44ನೇ ವಿಧಿಯ ಪ್ರಕಾರ ಗುಲಾಮ ಅಂದರೆ ಚರ ಆಸ್ತಿ. ಮಂಚ, ಪಾತ್ರೆ, ಎತ್ತು ಇದ್ದ ಹಾಗೆ. ಈಗ ಮತ್ತೆ ಚೀಟಿ ಓದಿಸಿ.

ಗದ್ದಲ ಶುರುವಾಗುತ್ತದೆ. ಆಗಲಿ. ತೋಟದ ಮಾಲೀಕರು ಪ್ಯಾರಿಸ್ಸಿನಲ್ಲಿ ಒಂದು ಕೂಟ ಕಟ್ಟಿಕೊಂಡು ಹಿಡಿದದ್ದು ಆಸ್ತಿಯ ಮಾತನ್ನೇ. ಗುಲಾಮರಲ್ಲದ ಮಿಶ್ರ ವರ್ಣದವರು ಹಿಡಿದದ್ದು ಮೊದಲ ವಿಧಿಯನ್ನು, ಆದರೆ ತಮಗೆ ಮಾತ್ರ. ಅವರ ಮುಂದಾಳು ವಿನ್ಸೆಂಟ್ ಓಜೆ ದಂಗೆ ಎದ್ದು 1791ರ ಫೆಬ್ರವರಿಯಲ್ಲಿ ಚಿತ್ರಹಿಂಸೆಯಿಂದ ಸತ್ತ. 44 ಬೀಜದ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಅಮೆರಿಕದ ಕಡೆಗೂ ಒಂದು ಮಾತು ಹೇಳಿ: "ಎಲ್ಲ ಮನುಷ್ಯರೂ ಸಮಾನರು" ಅಂತ ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದ. ಮಕ್ಕಳಿಗೆ ಆಗ ಸಿಟ್ಟು ಬಂದು, "ಎಲ್ಲಾ ಸುಳ್ಳು ಸಾ, ಸುಮ್ನೆ ಬರ್ಕೊಂಡವ್ರೆ" ಅನ್ನುತ್ತಾರೆ. ಮೊದಲ ಪೀರಿಯಡ್ ಇಲ್ಲಿಗೆ ನಿಲ್ಲಿಸಿ. ಆ ಸಿಟ್ಟಿನಲ್ಲೇ ಮನೆಗೆ ಹೋಗಲಿ.

ಎರಡನೇ ಪೀರಿಯಡ್ ಶುರುವಿಗೆ ಬೋರ್ಡಿನ ಮೇಲೆ ಒಂದು ಅಂಗಿ ಬರೆಯಿರಿ, ಜೇಬು ಸಮೇತ. ನನಗೆ ಚಿತ್ರ ಬರೆಯಲು ಬರುವುದಿಲ್ಲ, ಅಂಗಿ ಹೋಗಿ ಗೋಣಿಚೀಲ ಆಗುತ್ತಿತ್ತು. 1791ರ ಆಗಸ್ಟ್ 22ರ ರಾತ್ರಿ ದ್ವೀಪದ ಉತ್ತರದ ಬಯಲಿನಲ್ಲಿ ಗುಲಾಮರು ದಂಗೆ ಎದ್ದರು. ಕೆಲವು ದಿನ ಮೊದಲು ಬ್ವಾ ಕೈಮಾನ್ ಎಂಬ ಕಡೆ ರಾತ್ರಿ ಸೇರಿ, ಬೂಕ್ಮನ್ ಎಂಬ ಮುಂದಾಳಿನ ಜೊತೆ ಆಣೆ ಮಾಡಿದ್ದರು. ಕಬ್ಬಿನ ಗದ್ದೆ, ಗಾಣದ ಮನೆ ಎಲ್ಲ ಹೊತ್ತಿ ಉರಿಯಿತು. ಆ ಸಮಯದಲ್ಲಿ ಬಿಳಿಯರ ಕೈಗೆ ಸಿಕ್ಕಿ ಸತ್ತ ಒಬ್ಬ ದಂಗೆಕೋರನ ಮೈಮೇಲೆ ಏನೇನಿತ್ತು ಎಂದು ಅಲ್ಲಿದ್ದ ಬಿಳಿಯನೊಬ್ಬ ಬರೆದಿಟ್ಟಿದ್ದಾನೆ. ಜೇಬಿನಲ್ಲಿ ಫ್ರಾನ್ಸಿನಲ್ಲಿ ಅಚ್ಚಾದ ಕರಪತ್ರ, ಮಾನವ ಹಕ್ಕುಗಳ ಬಗ್ಗೆ. ಇನ್ನೊಂದು ಜೇಬಿನಲ್ಲಿ ಬೆಂಕಿ ಹೊತ್ತಿಸುವ ಸಾಮಾನು. ಎದೆಯ ಮೇಲೆ ಸಣ್ಣ ಚೀಲ, ಅದರೊಳಗೆ ಕೂದಲು, ಗಿಡಮೂಲಿಕೆ, ಮೂಳೆಯ ಚೂರು.

"ತಾಯಿತ!" ಅಂತ ಯಾರಾದರೂ ಕೂಗಿಯೇ ಕೂಗುತ್ತಾರೆ. ಪ್ರತಿ ವರ್ಷ ಕೂಗಿದ್ದಾರೆ.

ಮೂರನ್ನೂ ಅಂಗಿಯ ಮೇಲೆ ಬರೆಯಿರಿ. ಇಡೀ ಪಾಠದ ಗುಂಡಿಗೆ ಇದೇ, ಇಲ್ಲಿ ಅವಸರ ಮಾಡಬೇಡಿ. ಪ್ಯಾರಿಸ್ಸಿನ ಜಾಣರು ಸ್ವಾತಂತ್ರ್ಯ ಕಂಡುಹಿಡಿದರು, ಅದು ಹಡಗು ಹತ್ತಿ ಬಂದು ಗುಲಾಮರನ್ನು ಎಬ್ಬಿಸಿತು ಅಂತ ಪಾಠ ಮಾಡಿದರೆ ತಾಯಿತ ಬಿಟ್ಟುಹೋಗುತ್ತದೆ. ಆ 5 ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಫ್ರಿಕಾದಲ್ಲೇ ಹುಟ್ಟಿದವರು. ಕಾಂಗೋ ಕಡೆಯ ಯುದ್ಧಗಳಲ್ಲಿ ಹೋರಾಡಿ ಸೆರೆ ಸಿಕ್ಕವರೂ ಅವರಲ್ಲಿದ್ದರು. ಸಂಕೋಲೆ ಬಿಚ್ಚಿಕೊಳ್ಳಬೇಕು ಅಂತ ತಿಳಿಯಲು ಅವರಿಗೆ ರೂಸೋ ಬೇಕಿರಲಿಲ್ಲ. ಹಾಗಂತ ಕರಪತ್ರ ಸುಮ್ಮನೆ ಇತ್ತಾ? ಅದೂ ಅಲ್ಲ.

ನಾನು ಹೀಗೆ ಹೇಳುತ್ತಿದ್ದೆ. ನಮ್ಮೂರಿನ ರೈತ ನೀರಿನ ತಕರಾರಿಗೆ ಕಚೇರಿಗೆ ಹೋಗುವಾಗ ಅರ್ಜಿಯ ಜೊತೆ ಏನು ಒಯ್ಯುತ್ತಾನೆ? ಸರ್ಕಾರದ್ದೇ ಹಳೇ ಸುತ್ತೋಲೆಯ ಜೆರಾಕ್ಸ್. ಅಧಿಕಾರಿ ಆಗಲ್ಲ ಅಂದರೆ ಮೇಜಿನ ಮೇಲಿಟ್ಟು, "ನೀವೇ ಬರೆದಿರೋದಲ್ವಾ ಸ್ವಾಮಿ" ಅನ್ನುತ್ತಾನೆ. ತನಗೆ ನೀರು ಬೇಕು ಅನ್ನೋದು ಅವನಿಗೆ ಸುತ್ತೋಲೆ ನೋಡಿ ಗೊತ್ತಾದದ್ದಲ್ಲ. ಆದರೆ ಆ ಕಾಗದ ಕೈಯಲ್ಲಿದ್ದರೆ ಎದುರಿನವನಿಗೆ ಇಲ್ಲ ಅನ್ನುವುದು ಕಷ್ಟ. ನಿನ್ನೆ "ಎಲ್ಲಾ ಸುಳ್ಳು" ಅಂದವರು ಇಲ್ಲಿ ಸ್ವಲ್ಪ ತಲೆ ಕೆರೆದುಕೊಳ್ಳುತ್ತಾರೆ.

ಮುಂದಿನ ಘಟನೆಗಳನ್ನು ಕಥೆಯಾಗಿ, ಬೇಗ ಹೇಳಿ ಮುಗಿಸಿ. ದಂಗೆ ಅಡಗಲಿಲ್ಲ. ಸ್ಪೇನ್, ಬ್ರಿಟನ್ ಎರಡೂ ದ್ವೀಪದ ಮೇಲೆ ಕಣ್ಣು ಹಾಕಿದವು. ಗುಲಾಮರ ಬೆಂಬಲ ಇಲ್ಲದೆ ಫ್ರಾನ್ಸ್ ಉಳಿಯುವ ಹಾಗಿರಲಿಲ್ಲ. 1793ರ ಆಗಸ್ಟ್ 29ರಂದು ಫ್ರೆಂಚ್ ಕಮಿಷನರ್ ಸೊಂತೊನಾಕ್ಸ್ ಉತ್ತರ ಪ್ರಾಂತ್ಯದ ಗುಲಾಮರಿಗೆ ಬಿಡುಗಡೆ ಘೋಷಿಸಿದ. ಆ ಘೋಷಣೆಯ ಮೊದಲ ಸಾಲು ಓದುವ ಮುಂಚೆ ಎಡಗಡೆ ಬೆಂಚಿನವರಿಗೆ ಅವರ ಚೀಟಿ ತೆಗೆಯಲು ಹೇಳಿ. ಅದೇ ಸಾಲು! ಸ್ಥಳೀಯರ ಕ್ರಿಯೋಲ್ ಭಾಷೆಯಲ್ಲೂ ಅದನ್ನು ಹೊರಡಿಸಿದರು. 1794ರ ಫೆಬ್ರವರಿ 4ರಂದು ಪ್ಯಾರಿಸ್ಸಿನ ಸಭೆ ಎಲ್ಲ ವಸಾಹತುಗಳಲ್ಲೂ ಗುಲಾಮಗಿರಿ ರದ್ದು ಮಾಡಿತು. ಬೆಂಕಿ ಮೊದಲು, ಕಾಗದ ಆಮೇಲೆ. ಈ ಕ್ರಮ ಮಕ್ಕಳ ತಲೆಯಲ್ಲಿ ತಿರುಗುಮುರುಗಾಗದ ಹಾಗೆ ನೋಡಿಕೊಳ್ಳಿ.

ಚಿತ್ರ ತಂದಿದ್ದರೆ ಇದು ತೋರಿಸುವ ಹೊತ್ತು. ಆ ಸಭೆಗೆ ಸಾಂ ದೊಮಾಂಗ್‌ನಿಂದ ಹೋದ ಮೂವರಲ್ಲಿ ಒಬ್ಬ ಕಪ್ಪು, ಒಬ್ಬ ಮಿಶ್ರ ವರ್ಣದವನು, ಒಬ್ಬ ಬಿಳಿಯ. ಕಪ್ಪು ಸದಸ್ಯನ ಹೆಸರು ಜಾನ್ ಬ್ಯಾಪ್ಟಿಸ್ಟ್ ಬೆಲ್ಲೆ. ಹೆಸರು ಕೇಳಿ ತರಗತಿ ನಗುತ್ತದೆ, ಮೇಜಿನ ಮೇಲೆ ಬೆಲ್ಲ ಬೇರೆ ಇದೆಯಲ್ಲ. ಒಮ್ಮೆ ಗುಲಾಮನಾಗಿದ್ದು, ದುಡ್ಡು ಕೂಡಿಸಿ ತನ್ನನ್ನು ತಾನೇ ಕೊಂಡುಕೊಂಡವನು ಅಂದಾಗ ನಗು ನಿಲ್ಲುತ್ತದೆ. 1797ರಲ್ಲಿ ಜಿರೊದೆ ಎಂಬ ಚಿತ್ರಕಾರ ಬರೆದ ಅವನ ಚಿತ್ರ ಇವತ್ತಿಗೂ ಇದೆ. ಸೊಂಟಕ್ಕೆ ಮೂರು ಬಣ್ಣದ ಪಟ್ಟಿ ಸುತ್ತಿಕೊಂಡು, ಗುಲಾಮಗಿರಿಯನ್ನು ಟೀಕಿಸಿ ಬರೆದಿದ್ದ ರೇನಾಲ್ ಎಂಬ ಲೇಖಕನ ಬಿಳಿ ಕಲ್ಲಿನ ಮೂರ್ತಿಗೆ ಒರಗಿ ನಿಂತಿದ್ದಾನೆ. ಏನೂ ವಿವರಿಸದೆ ಒಂದು ನಿಮಿಷ ನೋಡಲು ಬಿಡಿ. ಒಮ್ಮೆ ಒಬ್ಬ ಹುಡುಗ ಹೇಳಿದ: "ಸಾ, ಅವ್ನು ಆ ಮೂರ್ತಿ ಕಡೆ ನೋಡ್ತಾನೇ ಇಲ್ಲ. ಗೋಡೆಗೆ ಒರಗ್ದಂಗೆ ಒರಗವ್ನೆ." ನಾನು ಅಷ್ಟು ವರ್ಷ ಆ ಚಿತ್ರ ತೋರಿಸಿದ್ದರೂ ಅದನ್ನು ಗಮನಿಸಿರಲಿಲ್ಲ.

ದಂಗೆಯ ದೊಡ್ಡ ಮುಂದಾಳು ತೂಸಾಂ ಲೂವರ್ಚರ್ ಬಗ್ಗೆ ಹೇಳುವಾಗ ಎಚ್ಚರ. ಮಕ್ಕಳಿಗೆ ಹೀರೋ ಬೇಕು, ನಿಮಗೂ ಕೊಡಬೇಕು ಅನ್ನಿಸುತ್ತದೆ. ಗುಲಾಮನಾಗಿ ಹುಟ್ಟಿ, ಸೇನಾಪತಿಯಾಗಿ, ಸ್ಪೇನ್ ಮತ್ತು ಬ್ರಿಟನ್ ಎರಡನ್ನೂ ಆಡಿಸಿದವನು. 1801ರ ಅವನ ಸಂವಿಧಾನದ 3ನೇ ವಿಧಿ ಹೇಳುತ್ತದೆ: ಈ ನೆಲದಲ್ಲಿ ಗುಲಾಮರು ಇರುವಂತಿಲ್ಲ. ಅದೇ ಸಂವಿಧಾನ ಅವನನ್ನು ಸಾಯುವ ತನಕ ಗವರ್ನರ್ ಮಾಡಿತು. ಸಕ್ಕರೆ ನಿಂತರೆ ಬಂದೂಕಿಗೆ ದುಡ್ಡಿಲ್ಲ ಅಂತ, ಬಿಡುಗಡೆಯಾದ ಜನರನ್ನು ಅದೇ ತೋಟಗಳಿಗೆ ಕಟ್ಟಿಹಾಕಿದ. ಜನ ಎದ್ದರು. ಅದರ ಹಿಂದೆ ಇದ್ದಾನೆ ಅಂತ ತನ್ನ ಸಾಕು ಸಂಬಂಧಿ ಮೊಯಿಸ್‌ನನ್ನೇ ಕೊಲ್ಲಿಸಿದ. ಬಿಡುಗಡೆಯಾದ ಮನುಷ್ಯ ಏನು ಬಯಸುತ್ತಾನೆ ಅಂತ ಮಕ್ಕಳನ್ನು ಕೇಳಿ. "ಸ್ವಂತ ಜಮೀನು ಸಾ" ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ಅಲ್ಲಿಯವರೂ ಅದನ್ನೇ ಕೇಳಿದ್ದು.

1802ರಲ್ಲಿ ನೆಪೋಲಿಯನ್ ಕಳಿಸಿದ ದೊಡ್ಡ ಸೈನ್ಯ ಬಂತು. ತೂಸಾಂನನ್ನು ಮಾತುಕತೆಗೆ ಕರೆದು ಹಿಡಿದು ಫ್ರಾನ್ಸಿಗೆ ಸಾಗಿಸಿದರು. ಹಡಗು ಹತ್ತುವಾಗ, ನೀವು ಕಡಿದದ್ದು ಸ್ವಾತಂತ್ರ್ಯದ ಮರದ ಕಾಂಡ ಮಾತ್ರ, ಬೇರು ಆಳಕ್ಕಿದೆ, ಮತ್ತೆ ಚಿಗುರುತ್ತದೆ ಅಂದ ಎಂದು ಹೇಳುತ್ತಾರೆ. "ಕೂಳೆ ಕಬ್ಬಿನಂಗೆ" ಅಂತ ನಮ್ಮ ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ. 1803ರ ಏಪ್ರಿಲ್ 7ರಂದು ಬೆಟ್ಟದ ಮೇಲಿನ ಚಳಿಯ ಕೋಟೆಯಲ್ಲಿ ಸತ್ತ. ಅತ್ತ ಗ್ವಾಡೆಲೂಪ್ ದ್ವೀಪದಲ್ಲಿ ಫ್ರೆಂಚರು ಗುಲಾಮಗಿರಿ ಮತ್ತೆ ತಂದರು ಎಂಬ ಸುದ್ದಿ ಹಬ್ಬಿತು. ಹಳದಿ ಜ್ವರಕ್ಕೆ ಫ್ರೆಂಚ್ ಸೈನಿಕರು ಸಾವಿರಗಟ್ಟಲೆ ಸತ್ತರು. 1803ರ ನವೆಂಬರ್ 18ರಂದು ವೆರ್ತಿಯೇರ್‌ನಲ್ಲಿ ಕೊನೆಯ ದೊಡ್ಡ ಯುದ್ಧ, ಫ್ರೆಂಚರು ಸೋತರು. 1804ರ ಜನವರಿ 1ರಂದು ಗೊನಾಯಿವ್ ಊರಿನಲ್ಲಿ, ತೂಸಾಂನ ಸೇನಾನಿಯಾಗಿದ್ದ ದೆಸಾಲೀನ್ ಸ್ವಾತಂತ್ರ್ಯ ಘೋಷಿಸಿದ. ಫ್ರೆಂಚ್ ಹೆಸರು ಕಿತ್ತು ಹಾಕಿ ಮೂಲನಿವಾಸಿಗಳು ಕರೆಯುತ್ತಿದ್ದ ಹೆಸರು ಇಟ್ಟರು: ಹೈಟಿ, ಅಂದರೆ ಬೆಟ್ಟಗಳ ನಾಡು.

ಅದೇ ವರ್ಷ ದೆಸಾಲೀನ್ ದ್ವೀಪದಲ್ಲಿ ಉಳಿದಿದ್ದ ಫ್ರೆಂಚರನ್ನು, ಹೆಂಗಸರು ಮಕ್ಕಳನ್ನೂ ಸೇರಿಸಿ, ಸಾವಿರಗಟ್ಟಲೆ ಕೊಲ್ಲಿಸಿದ. ಇದನ್ನು ಮುಚ್ಚಿಡಬೇಡಿ. ಸಮರ್ಥನೆಯನ್ನೂ ಮಾಡಬೇಡಿ. ಮಕ್ಕಳು "ಸರೀನಾ ತಪ್ಪಾ" ಅಂತ ನಿಮ್ಮ ಮುಖ ನೋಡುತ್ತಾರೆ. ಮಕ್ಕಳನ್ನು ಕೊಂದದ್ದು ತಪ್ಪು ಅಂತ ನಾನು ನೇರವಾಗಿ ಹೇಳುತ್ತಿದ್ದೆ.

ಈಗ ಬಲಗಡೆ ಬೆಂಚಿನವರ ಚೀಟಿ ತೆಗೆಸಿ, ಇಷ್ಟು ಹೊತ್ತು ಅವರು ಸುಮ್ಮನೆ ಕೂತಿದ್ದಾರೆ. ಆಸ್ತಿ ತೆಗೆದುಕೊಂಡರೆ ಪರಿಹಾರ ಕೊಡಬೇಕು, ಅಲ್ವಾ? 1825ರಲ್ಲಿ ಫ್ರಾನ್ಸಿನ ರಾಜ 10ನೇ ಚಾರ್ಲ್ಸ್ ಯುದ್ಧನೌಕೆಗಳ ಜೊತೆ ಆಜ್ಞೆ ಕಳಿಸಿದ. ನಿಮ್ಮನ್ನು ಸ್ವತಂತ್ರ ದೇಶ ಅಂತ ಒಪ್ಪಬೇಕಾದರೆ, ತೋಟ ಕಳೆದುಕೊಂಡವರಿಗೆ 15 ಕೋಟಿ ಫ್ರಾಂಕ್ ಕೊಡಿ, ಐದು ಕಂತಿನಲ್ಲಿ. ಆ ನಷ್ಟದಲ್ಲಿ ಮನುಷ್ಯರ ಬೆಲೆಯೂ ಸೇರಿತ್ತು. ತಮ್ಮನ್ನು ತಾವೇ ಕೊಂಡುಕೊಳ್ಳಬೇಕಾಯಿತು.

ಇಲ್ಲೊಂದು ಲೆಕ್ಕ ಮಾಡಿಸಿ. ಒಂದು ಕಂತು ಎಷ್ಟು? 3 ಕೋಟಿ. ಹೈಟಿಯ ಬಳಿ ಅಷ್ಟು ಇರಲಿಲ್ಲ. ಪ್ಯಾರಿಸ್ಸಿನ ಬ್ಯಾಂಕಿನವರ ಹತ್ತಿರವೇ 3 ಕೋಟಿ ಸಾಲ ಮಾಡಿದರು. ಕೈಗೆ ಬಂದದ್ದು 2 ಕೋಟಿ 40 ಲಕ್ಷ. ಉಳಿದ 60 ಲಕ್ಷ ಎಲ್ಲಿ ಹೋಯಿತು ಅಂತ ಕೇಳಿ. "ಮೊದ್ಲೇ ಮುರ್ಕೊಂಡವ್ರೆ ಸಾ!" ಬಡ್ಡಿ ಸಾಲ ಕಂಡ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರು. ಆದರೂ ಈ ಸಾಲದ ಬಾಲ ತೀರಿದ್ದು 1947ರಲ್ಲಿ. ಇಸವಿ ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಲ್ಲಿ.

ಮಂಡ್ಯ ಜಿಲ್ಲೆಯಲ್ಲಿ ಪಾಠ ಮಾಡಿದರೆ ಕೊನೆಗೆ ಒಂದು ಪ್ರಶ್ನೆ ಗ್ಯಾರಂಟಿ: "ಟಿಪ್ಪು ಸುಲ್ತಾನನೂ ಫ್ರೆಂಚರ ಜೊತೆ ಇದ್ನಲ್ಲ ಸಾ?" 1797ರಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚರು ಒಂದು ಕ್ರಾಂತಿಕಾರಿ ಕೂಟ ಕಟ್ಟಿ, ಸ್ವಾತಂತ್ರ್ಯದ ಮರ ನೆಟ್ಟರು, ಸುಲ್ತಾನನನ್ನೂ "ನಾಗರಿಕ" ಅಂತ ಕರೆದರು ಎಂದು ಕಾಗದಪತ್ರಗಳಲ್ಲಿದೆ. ಆ ಕಾಗದಗಳು ಟಿಪ್ಪು ಸತ್ತ ಮೇಲೆ ಇಂಗ್ಲಿಷರಿಗೆ ಸಿಕ್ಕವು, ಅಚ್ಚು ಹಾಕಿಸಿದವರೂ ಅವರೇ. ಯುದ್ಧಕ್ಕೆ ನೆಪ ಬೇಕಿದ್ದವರು ಅವರು, ಹಾಗಾಗಿ ಇದರ ಬಗ್ಗೆ ಇತಿಹಾಸಕಾರರಲ್ಲಿ ಅನುಮಾನವೂ ಇದೆ. ಇಷ್ಟೇ ಹೇಳಿ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅಂತ ಚರ್ಚೆಗೆ ಬಿಟ್ಟರೆ ಹೈಟಿ ಮುಳುಗಿತು ಅಂತಲೇ ಲೆಕ್ಕ. ನನ್ನದು ಎರಡು ಸಲ ಮುಳುಗಿದೆ.

ಸಮಯ ಉಳಿದರೆ ಬೊಲಿವಾರ್ ಸೇರಿಸಿ. ದಕ್ಷಿಣ ಅಮೆರಿಕದಲ್ಲಿ ಸ್ಪೇನ್ ವಿರುದ್ಧ ಹೋರಾಡಿ ಸೋತು ಬಂದವನಿಗೆ ಹೈಟಿಯ ಅಧ್ಯಕ್ಷ ಪೇಶನ್ 1816ರಲ್ಲಿ ಬಂದೂಕು, ಹಡಗು, ಜನ ಕೊಟ್ಟ. ದುಡ್ಡು ಕೇಳಲಿಲ್ಲ. ನೀನು ಬಿಡಿಸುವ ಕಡೆಯೆಲ್ಲ ಗುಲಾಮರನ್ನು ಬಿಡುಗಡೆ ಮಾಡು ಅಂದ. ಅದೇ ಹೊತ್ತಿಗೆ ಅಮೆರಿಕ ಹೈಟಿಯನ್ನು ಒಂದು ದೇಶ ಅಂತಲೂ ಒಪ್ಪಿರಲಿಲ್ಲ. 1862ರ ತನಕ ಒಪ್ಪಲಿಲ್ಲ.

"ಪರೀಕ್ಷೆಗೆ ಬರುತ್ತಾ ಸಾ?" ಅಂತ ಕೇಳುತ್ತಾರೆ. ಬರಲ್ಲ ಅಂತ ನಿಜವನ್ನೇ ಹೇಳಿಬಿಡಿ. ಅರ್ಧ ಜನ ನೋಟ್ ಬುಕ್ ಮುಚ್ಚುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು ಮರೆತಿದ್ದೆ. ಬೆಲ್ಲ ಎರಡು ಅಚ್ಚು ತನ್ನಿ. ಮೊದಲನೆಯದು ಎರಡನೇ ಪೀರಿಯಡ್ ತನಕ ಮೇಜಿನ ಮೇಲೆ ಉಳಿದದ್ದು ನನಗೆ ನೆನಪಿಲ್ಲ.